ಮರತೂರಿನ ಮಿತಾಕ್ಷರ: ಹೊಲದ ಪಾಲು, ಮನೆಯ ಹೊಣೆ, ಹೆಣ್ಣುಮಕ್ಕಳ ಹಕ್ಕು

ಪೌತಿ ಖಾತೆ ಮಾಡಿಸಿಕೊಳ್ಳಿ ಎಂದು ಕಂದಾಯ ಇಲಾಖೆ ಹೇಳುತ್ತಲೇ ಇದೆ. ತೀರಿಹೋದ ಅಜ್ಜನ ಹೆಸರಲ್ಲೇ ಉಳಿದಿರುವ ಪಹಣಿಯನ್ನು ವಾರಸುದಾರರ ಹೆಸರಿಗೆ ತರಬೇಕು, ಅದಕ್ಕೆ ವಂಶವೃಕ್ಷ ಬೇಕು. ವಂಶವೃಕ್ಷ ಬರೆಸಲು ಕೂತಾಗಲೇ ನಮ್ಮ ಕಲಬುರಗಿ, ಯಾದಗಿರಿ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ಬಿಗಿಯಾಗುತ್ತದೆ. ಲಗ್ನ ಮಾಡಿ ಕೊಟ್ಟ ಹೆಣ್ಣುಮಕ್ಕಳ ಹೆಸರೂ ಬರೆಸಬೇಕಾ? ಬರೆಸಿದರೆ ನಾಳೆ ಪಾಲು ಕೇಳುತ್ತಾರಾ? ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿಕೊಂಡರೆ ಆಯ್ತಾ? ಅಷ್ಟರಲ್ಲಿ ಹಿರಿಯರೊಬ್ಬರು "ನಮ್ಮ ಶಾಸ್ತ್ರದಾಗ ಹೆಣ್ಣುಮಕ್ಕಳಿಗೆ ಹೊಲದಾಗ ಪಾಲಿಲ್ಲ" ಅಂದುಬಿಡುತ್ತಾರೆ. ಅಲ್ಲಿಗೆ ಮಾತು ನಿಂತುಹೋಗುತ್ತದೆ.

ಯಾವ ಶಾಸ್ತ್ರ ಅದು? ಅದರಲ್ಲಿ ನಿಜವಾಗಿ ಏನು ಬರೆದಿದೆ? ಇದನ್ನು ತಿಳಿಯಲು ಕಾಶಿಗೆ ಹೋಗಬೇಕಿಲ್ಲ. ಭಾರತದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಬುನಾದಿಯಾದ ಪುಸ್ತಕ ಬರೆದವರು ಶಹಾಬಾದ್ ಹತ್ತಿರದ ಮರತೂರಿನವರು ಎಂದು ನಮ್ಮ ನಾಡು ನೆನೆಯುತ್ತದೆ. ಅವರ ಹೆಸರು ವಿಜ್ಞಾನೇಶ್ವರ, ಪುಸ್ತಕದ ಹೆಸರು ಮಿತಾಕ್ಷರ. ಅದರಲ್ಲಿ ಹಕ್ಕು ಎಲ್ಲಿ ಬಂದರೂ ಅದರ ಬೆನ್ನಿಗೇ ಒಂದು ಹೊಣೆ ಬರುತ್ತದೆ. ಹಕ್ಕನ್ನಷ್ಟೇ ಇಟ್ಟುಕೊಂಡು ಹೊಣೆಯನ್ನು ಬಿಟ್ಟವರು ಆ ಪುಸ್ತಕದ ಅರ್ಧವನ್ನು ಮಾತ್ರ ಓದಿದ ಹಾಗೆ.

ಮೊದಲು ಸ್ಮೃತಿ ಅಂದರೆ ಏನು ನೋಡೋಣ

ವೇದಗಳ ನಂತರದ ಕಾಲದಲ್ಲಿ, ಜನ ಹೇಗೆ ಬಾಳಬೇಕು, ಜಗಳ ಬಂದರೆ ಹೇಗೆ ತೀರಿಸಬೇಕು ಎಂದು ಹೇಳುವ ಪುಸ್ತಕಗಳು ಬಂದವು. ಇವೇ ಸ್ಮೃತಿಗಳು. ಮನುಸ್ಮೃತಿಯ ಹೆಸರು ಎಲ್ಲರಿಗೂ ಗೊತ್ತು. ಅದರ ನಂತರ ಬಂದದ್ದು ಯಾಜ್ಞವಲ್ಕ್ಯ ಸ್ಮೃತಿ. ಸುಮಾರು 1000 ಶ್ಲೋಕಗಳ ಚಿಕ್ಕ ಪುಸ್ತಕ. ಅದರಲ್ಲಿ 3 ಭಾಗ: ದಿನನಿತ್ಯದ ನಡತೆಗೆ ಆಚಾರ, ಕೋರ್ಟು ಕಚೇರಿಯ ವಿಷಯಕ್ಕೆ ವ್ಯವಹಾರ, ತಪ್ಪು ಮಾಡಿದವರಿಗೆ ಪ್ರಾಯಶ್ಚಿತ್ತ.

ಶ್ಲೋಕ ಚಿಕ್ಕದಿದ್ದಷ್ಟೂ ಅರ್ಥದ ಜಗಳ ಜಾಸ್ತಿ. ಅದಕ್ಕೇ ಪಂಡಿತರು ಟೀಕೆ, ಅಂದರೆ ವಿವರಣೆ, ಬರೆಯುತ್ತಿದ್ದರು. ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಟೀಕೆಯೇ ಮಿತಾಕ್ಷರ. ಕಾಲ ಸುಮಾರು 900 ವರ್ಷಗಳ ಹಿಂದೆ, ಕಲ್ಯಾಣದ ಚಾಲುಕ್ಯ ದೊರೆ 6ನೇ ವಿಕ್ರಮಾದಿತ್ಯನ ಆಳ್ವಿಕೆ, ಅಂದರೆ 1076ರಿಂದ 1126ರ ನಡುವೆ. ಕಲ್ಯಾಣ ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಈ ಭೂಮಿಯ ಮೇಲೆ ಕಲ್ಯಾಣದಂಥ ಊರು ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆಯೂ ಇರುವುದಿಲ್ಲ ಎಂದು ಪುಸ್ತಕದ ಕೊನೆಯಲ್ಲಿ ಹೊಗಳಿಕೆ ಇದೆ.

ಪುಸ್ತಕ ದೇಶದ ತುಂಬ ಹರಡಿತು. 1810ರಲ್ಲಿ ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ಅಧಿಕಾರಿ ಅದರ ಆಸ್ತಿ ಹಂಚಿಕೆಯ ಭಾಗವನ್ನು ಇಂಗ್ಲಿಷಿಗೆ ತಂದ. ಅಲ್ಲಿಂದ ಬ್ರಿಟಿಷ್ ಕೋರ್ಟುಗಳು ಅದನ್ನು ಕಾನೂನಿನ ಹಾಗೆಯೇ ಓದತೊಡಗಿದವು. ಬಂಗಾಳ ಮತ್ತು ಅಸ್ಸಾಂ ಮಾತ್ರ ಬೇರೆ ದಾರಿ ಹಿಡಿದವು. ಅಲ್ಲಿ ಜೀಮೂತವಾಹನ ಬರೆದ ದಾಯಭಾಗ ನಡೆಯಿತು.

ಹುಟ್ಟಿದ ಕೂಡಲೇ ಹಕ್ಕು, ಅದು ಹೇಗೆ?

ದಾಯಭಾಗದ ಪ್ರಕಾರ ಅಪ್ಪ ಸತ್ತ ಮೇಲೆ ಮಗನಿಗೆ ಆಸ್ತಿಯ ಹಕ್ಕು ಬರುತ್ತದೆ. ಅಲ್ಲಿಯವರೆಗೆ ಅಪ್ಪನೇ ಒಡೆಯ. ಮಿತಾಕ್ಷರ ಇದನ್ನು ಒಪ್ಪುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿದಾಗಲೇ ಹಕ್ಕು ಬಂದಿರುತ್ತದೆ ಎನ್ನುತ್ತದೆ. ಅಜ್ಜ ಗಳಿಸಿದ ಭೂಮಿಯಲ್ಲಿ ಅಪ್ಪನ ಒಡೆತನ, ಮಗನ ಒಡೆತನ ಎರಡೂ ಸಮ ಎಂದು ಯಾಜ್ಞವಲ್ಕ್ಯನೇ ಹೇಳಿದ್ದಾನೆ.

ಹೊಲದ ನಡುವಿನ ಬಾವಿಯನ್ನು ನೆನಪಿಸಿಕೊಳ್ಳಿ. ಆ ಮನೆಯಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಅದರ ನೀರು ಸೇದುವ ಹಕ್ಕಿದೆ, ಆದರೆ ಒಳಗಿರುವ ನೀರಿನಲ್ಲಿ ಈ ಕೊಡ ನನ್ನದು, ಆ ಕೊಡ ನಿನ್ನದು ಅಂತ ಯಾರೂ ಗೆರೆ ಎಳೆಯಲು ಆಗುವುದಿಲ್ಲ. ಒಟ್ಟು ಕುಟುಂಬದ ಆಸ್ತಿ ಇರುವುದು ಹೀಗೆ. ವಾಟ್ನಿ, ಅಂದರೆ ಆಸ್ತಿಯ ಹಂಚಿಕೆ, ಆದ ದಿನ ಮಾತ್ರ ಪಾಲು ಎಷ್ಟೆಂದು ನಿಗದಿಯಾಗುತ್ತದೆ. ಮನೆಯಲ್ಲಿ ಹುಟ್ಟು ಆದರೆ ಪಾಲು ಸಣ್ಣದಾಗುತ್ತದೆ, ಹಳೆಯ ನಿಯಮದಲ್ಲಿ ಸಾವು ಆದರೆ ಉಳಿದವರ ಪಾಲು ದೊಡ್ಡದಾಗುತ್ತದೆ.

ಹಾಗಾದರೆ ಅಪ್ಪನ ಸ್ಥಾನ ಏನು? ಅವನು ನೋಡಿಕೊಳ್ಳುವವನು. ಮನಸ್ಸಿಗೆ ಬಂದ ಹಾಗೆ ಹೊಲ ಮಾರುವ ಅಧಿಕಾರ ಅವನಿಗಿಲ್ಲ. ಇಲ್ಲಿ ವಿಜ್ಞಾನೇಶ್ವರ ಒಂದು ಹಳೆಯ ಶ್ಲೋಕ ಎತ್ತಿಕೊಳ್ಳುತ್ತಾರೆ. ಹುಟ್ಟಿದವರು, ಇನ್ನೂ ಹುಟ್ಟದವರು, ಹೊಟ್ಟೆಯಲ್ಲಿರುವವರು, ಇವರೆಲ್ಲರೂ ಬದುಕಿಗಾಗಿ ಈ ಭೂಮಿಯನ್ನೇ ನೆಚ್ಚಿದ್ದಾರೆ, ಆದ್ದರಿಂದ ದಾನವೂ ಬೇಡ, ಮಾರಾಟವೂ ಬೇಡ ಎಂಬುದು ಅದರ ತಾತ್ಪರ್ಯ. ಇನ್ನೂ ಹುಟ್ಟದ ಮಗುವಿನ ಅನ್ನವನ್ನು ಲೆಕ್ಕಕ್ಕೆ ತಂದ ಮಾತಿದು. ಇಡೀ ಪುಸ್ತಕದಲ್ಲಿ ನನಗೆ ಅತಿ ಮುಖ್ಯ ಅನಿಸುವುದೂ ಇದೇ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಆಪತ್ತು ಬಂದಾಗ, ಕುಟುಂಬದ ಅಗತ್ಯಕ್ಕೆ, ಧರ್ಮದ ಕೆಲಸಕ್ಕೆ ಒಬ್ಬನೇ ಆದರೂ ಮಾರಬಹುದು, ಒತ್ತೆ ಇಡಬಹುದು ಎಂಬ ಇನ್ನೊಂದು ಶ್ಲೋಕವೂ ಅಲ್ಲೇ ಇದೆ. ಇಂದಿಗೂ ಕೋರ್ಟಿನಲ್ಲಿ "ಕುಟುಂಬದ ಅಗತ್ಯಕ್ಕೆ ಮಾರಿದ್ದಾ, ಸುಮ್ನೆ ಮಾರಿದ್ದಾ?" ಎಂದು ವಾದ ನಡೆಯುವುದು ಇದರ ಮೇಲೆಯೇ.

ಸ್ವಯಾರ್ಜಿತದ ಕಥೆ ಬೇರೆ. ತಾನೇ ದುಡಿದು ಕೊಂಡ ಭೂಮಿಯನ್ನೂ ಮಕ್ಕಳನ್ನು ಕೇಳದೆ ಮಾರಬಾರದು ಎಂಬ ಶ್ಲೋಕ ಮಿತಾಕ್ಷರದಲ್ಲಿದೆ. ಬ್ರಿಟಿಷ್ ಕಾಲದ ಕೋರ್ಟುಗಳು ಅದನ್ನು ಬರೀ ಬುದ್ಧಿಮಾತು ಎಂದು ಬದಿಗಿಟ್ಟವು. ಈಗಲೂ ಸ್ವಯಾರ್ಜಿತ ಆಸ್ತಿಯನ್ನು ಗಳಿಸಿದವರು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು.

ಹೊಲ ಬಂದರೆ ಸಾಲವೂ ಬರುತ್ತದೆ

ಪ್ರಾಚೀನ ಚಿಂತನೆಯಲ್ಲಿ ಮನುಷ್ಯ ಸಾಲ ಹೊತ್ತೇ ಹುಟ್ಟುತ್ತಾನೆ. ವೇದದಲ್ಲೇ 3 ಋಣಗಳ ಮಾತಿದೆ: ಋಷಿಗಳದ್ದು ಓದಿನಿಂದ, ದೇವರದ್ದು ಯಜ್ಞದಿಂದ, ಪಿತೃಗಳದ್ದು ಮಕ್ಕಳನ್ನು ಪಡೆಯುವುದರಿಂದ ತೀರುತ್ತದೆ. ವೇದ ಇದನ್ನು ಹೇಳಿದ್ದು ಬ್ರಾಹ್ಮಣನ ಬಗ್ಗೆ, ಆದರೆ ವಿಚಾರ ಮುಂದೆ ವಿಶಾಲವಾಗಿ ಹರಡಿತು. ಈ ಗ್ರಂಥಗಳು "ನಿನಗೆ ಏನು ಸಿಗಬೇಕು" ಎಂದು ಶುರು ಮಾಡುವುದಿಲ್ಲ. "ನೀನು ಯಾರಿಗೆ ಏನು ಕೊಡಬೇಕು" ಎಂದು ಶುರು ಮಾಡುತ್ತವೆ. ಒಬ್ಬರ ಹೊಣೆಯೊಳಗೆ ಇನ್ನೊಬ್ಬರ ಹಕ್ಕು ಅಡಗಿರುತ್ತದೆ.

ಇದು ದುಡ್ಡಿನ ಸಾಲಕ್ಕೂ ಬಂತು. ಅಪ್ಪ ತೀರಿಕೊಂಡರೆ, ದೂರದೇಶಕ್ಕೆ ಹೋದರೆ ಅಥವಾ ಏಳಲಾರದ ಕಾಯಿಲೆಗೆ ಬಿದ್ದರೆ ಅವನ ಸಾಲವನ್ನು ಮಗ, ಮೊಮ್ಮಗ ತೀರಿಸಬೇಕು. ಮಗ ಅದನ್ನು ತನ್ನದೇ ಸಾಲ ಎಂದುಕೊಂಡು ಬಡ್ಡಿ ಸಮೇತ ಕೊಡಬೇಕು. ಮೊಮ್ಮಗ ಅಸಲು ಕೊಟ್ಟರೆ ಸಾಕು. ಮರಿಮಗನಿಗೆ ಹೊಣೆ ಇಲ್ಲ.

ಎಲ್ಲ ಸಾಲವೂ ಅಲ್ಲ. ಕುಡಿತಕ್ಕೆ, ಜೂಜಿಗೆ, ಹೆಣ್ಣಿನ ಚಟಕ್ಕೆ ಮಾಡಿದ ಸಾಲ, ಕಟ್ಟದೆ ಉಳಿಸಿದ ದಂಡ, ಸುಮ್ಮನೆ ಆಡಿದ ದಾನದ ಮಾತು, ಇವುಗಳನ್ನು ಮಗ ತೀರಿಸಬೇಕಿಲ್ಲ. ಅಪ್ಪನ ಚಟದ ಭಾರ ಮಗನ ತಲೆ ಮೇಲೆ ಬೀಳಬಾರದು ಎಂಬ ಎಚ್ಚರ ಅಷ್ಟು ಹಿಂದೆಯೇ ಇತ್ತು.

ಹೆಣ್ಣುಮಕ್ಕಳಿಗೆ ನಿಜವಾಗಿ ಏನಿತ್ತು?

ಹುಟ್ಟಿನಿಂದ ಬರುವ ಹಕ್ಕು ಹಳೆಯ ಮಿತಾಕ್ಷರದಲ್ಲಿ ಗಂಡುಮಕ್ಕಳಿಗೆ ಮಾತ್ರ ಇತ್ತು. ಮಗ, ಮೊಮ್ಮಗ, ಮರಿಮಗ. ಇದನ್ನು ನೇರವಾಗಿ ಹೇಳಿಬಿಡಬೇಕು. ಆದರೆ "ಶಾಸ್ತ್ರದಲ್ಲಿ ಏನೂ ಇಲ್ಲ" ಎಂಬುದು ಸುಳ್ಳು.

ಅಪ್ಪ ತೀರಿದ ಮೇಲೆ ಅಣ್ಣತಮ್ಮಂದಿರು ವಾಟ್ನಿ ಮಾಡಿಕೊಳ್ಳುವಾಗ, ಮದುವೆಯಾಗದ ಅಕ್ಕತಂಗಿಯರಿಗೆ ನಾಲ್ಕನೇ ಒಂದು ಪಾಲು ಕೊಡಬೇಕು ಎಂದು ಯಾಜ್ಞವಲ್ಕ್ಯ ಹೇಳುತ್ತಾನೆ. ಇದಕ್ಕೆ ಕೆಲವು ಪಂಡಿತರು "ಅಂದರೆ ಮದುವೆ ಖರ್ಚು ಕೊಟ್ಟರೆ ಸಾಕು ಎಂದರ್ಥ" ಅಂದರು. ಇಂದೂ ಇದೇ ಮಾತು ಕೇಳುತ್ತೇವೆ, ಅಲ್ವಾ? "ಲಗ್ನಕ್ಕ ಖರ್ಚು ಮಾಡೀವಿ, ಅದೇ ಪಾಲು" ಅಂತ. ವಿಜ್ಞಾನೇಶ್ವರ ಇದನ್ನು ಒಪ್ಪಲಿಲ್ಲ. ಮದುವೆ ಖರ್ಚು ಬೇರೆ, ಪಾಲು ಬೇರೆ ಎಂದು ವಾದಿಸಿದರು. ಅಣ್ಣತಮ್ಮನಿಗೆ ಬರುವ ಪಾಲಿನ ಕಾಲು ಭಾಗ ಅವಳದ್ದು. ಅದು ದಯೆಯಲ್ಲ, ಅವಳ ಅಂಶ.

ತಾಯಿಗೂ ಪಾಲಿತ್ತು. ಅಪ್ಪ ಸತ್ತ ಮೇಲೆ ಮಕ್ಕಳು ಪಾಲು ಮಾಡಿಕೊಂಡರೆ ತಾಯಿಗೆ ಒಬ್ಬ ಮಗನಷ್ಟೇ ಪಾಲು. ಅಪ್ಪನೇ ಬದುಕಿದ್ದಾಗ ಸಮವಾಗಿ ಹಂಚಿದರೆ, ಸ್ತ್ರೀಧನ ಕೊಡದ ಹೆಂಡತಿಗೆ ಸಮಪಾಲು. ಇನ್ನು ಬೇರೆಯಾಗಿ ಬಾಳುತ್ತಿದ್ದ ಗಂಡ ಮಕ್ಕಳಿಲ್ಲದೆ ತೀರಿಕೊಂಡರೆ? ಯಾಜ್ಞವಲ್ಕ್ಯನ ಪಟ್ಟಿಯಲ್ಲಿ ಮೊದಲ ಹೆಸರು ಹೆಂಡತಿಯದ್ದು, ಎರಡನೆಯದು ಹೆಣ್ಣುಮಕ್ಕಳದ್ದು. ಆಮೇಲೆ ತಂದೆತಾಯಿ, ಆಮೇಲೆ ಅಣ್ಣತಮ್ಮಂದಿರು. ವಿಧವೆಗೆ ಬರೀ ಊಟ ಬಟ್ಟೆ ಕೊಟ್ಟು ಆಸ್ತಿಯನ್ನು ಮೈದುನರು ಇಟ್ಟುಕೊಳ್ಳಬಹುದು ಎಂದವರ ವಾದವನ್ನು ವಿಜ್ಞಾನೇಶ್ವರ ಒಂದೊಂದಾಗಿ ಬಿಡಿಸಿ ತಳ್ಳಿಹಾಕುತ್ತಾರೆ.

ಸ್ತ್ರೀಧನ ಅಂದರೆ ಹೆಣ್ಣಿನ ಸ್ವಂತ ಆಸ್ತಿ. ತವರಿನವರು, ಗಂಡ, ಅಣ್ಣತಮ್ಮ ಕೊಟ್ಟದ್ದು, ಮದುವೆಯ ಅಗ್ನಿಯ ಮುಂದೆ ಸಿಕ್ಕಿದ್ದು "ಮೊದಲಾದವು" ಎಂದು ಸ್ಮೃತಿ ಹೇಳುತ್ತದೆ. ಆ "ಮೊದಲಾದವು" ಎಂಬುದರೊಳಗೆ ವಾರಸಿನಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಬಂದದ್ದು ಎಲ್ಲವೂ ಸೇರುತ್ತದೆ ಎಂದು ಮಿತಾಕ್ಷರ ಅರ್ಥ ಮಾಡಿತು. ಅಂದರೆ ಹೆಣ್ಣಿಗೆ ಹೇಗೇ ಬಂದಿರಲಿ, ಅದು ಅವಳದ್ದೇ. ಆದರೆ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಅತಿ ದೊಡ್ಡ ಕೋರ್ಟು, ವಾರಸಿನಿಂದ ಬಂದ ಆಸ್ತಿಯ ಮಟ್ಟಿಗೆ ಇದನ್ನು ಒಪ್ಪಲಿಲ್ಲ. ವಿಧವೆ ಬದುಕಿರುವ ತನಕ ಅನುಭವಿಸಬಹುದು, ಆಮೇಲೆ ಅದು ಗಂಡನ ವಾರಸುದಾರರಿಗೆ ಎಂಬ ಇಕ್ಕಟ್ಟಿನ ನಿಯಮವೇ ನಡೆಯಿತು. ಹಾಗಾಗಿ ನಮ್ಮ ಅಜ್ಜಿಯರ ಕಾಲದಲ್ಲಿ ಕಂಡ ಎಲ್ಲ ಬಿಗಿಯೂ ಪುಸ್ತಕದಿಂದ ಬಂದದ್ದಲ್ಲ. ಕೆಲವು ಕೋರ್ಟುಗಳಿಂದಲೂ ಬಂದವು.

ಗಂಡ ಹೆಂಡತಿಯ ಸ್ತ್ರೀಧನವನ್ನು ಮುಟ್ಟಬಹುದಾದ ಸಂದರ್ಭಗಳನ್ನೂ ಎಣಿಸಿ ಇಟ್ಟಿದ್ದಾರೆ: ಬರಗಾಲ, ಬಿಡಲಾಗದ ಧರ್ಮಕಾರ್ಯ, ಕಾಯಿಲೆ, ಸೆರೆಯಲ್ಲಿ ಸಿಕ್ಕಿಬಿದ್ದಾಗ. ಆಗ ತೆಗೆದುಕೊಂಡದ್ದನ್ನು ವಾಪಸು ಕೊಡಲೇಬೇಕೆಂದಿಲ್ಲ. ಬೇರೆ ಯಾವುದಕ್ಕೆ ತೆಗೆದುಕೊಂಡರೂ ವಾಪಸು ಕೊಡಬೇಕು.

ದೊರೆಯ ಮೇಲೂ ಹೊಣೆ ಇತ್ತು

ಸ್ಮೃತಿಗೆ, ರೂಢಿಗೆ ವಿರುದ್ಧವಾಗಿ ಯಾರಾದರೂ ಪೀಡಿಸಿದರೆ, ಪೀಡನೆಗೆ ಒಳಗಾದವರು ದೊರೆಯ ಮುಂದೆ ದೂರು ಕೊಡಬಹುದು. ಕೇಸು ಹುಟ್ಟುವುದೇ ಅಲ್ಲಿಂದ. ಕುಟುಂಬ, ಕಸುಬಿನವರ ಸಂಘ, ಊರ ಸಭೆ, ದೊರೆ ನೇಮಿಸಿದ ಅಧಿಕಾರಿಗಳು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನ್ಯಾಯದ ಜಾಗಗಳಿದ್ದವು. ಸಾಕ್ಷ್ಯ 3 ಬಗೆ: ಬರಹ, ಅನುಭೋಗ, ಸಾಕ್ಷಿದಾರ. ತಹಸೀಲ್ ಕಚೇರಿಯಲ್ಲಿ ಇವತ್ತು ಕೇಳುವುದೂ ಅದೇ ತಾನೇ? ಕಾಗದ ಇದೆಯಾ, ಕಬ್ಜಾ ಯಾರದ್ದು, ಪಂಚರು ಯಾರು.

ಕಳವಾದ ವಸ್ತುವಿನ ಬಗ್ಗೆ ಇನ್ನೂ ಗಟ್ಟಿ ಮಾತಿದೆ. ಕಳ್ಳರು ಒಯ್ದದ್ದನ್ನು ದೊರೆ ಪ್ರಜೆಗೆ ಕೊಡಿಸಬೇಕು. ಕೊಡದಿದ್ದರೆ ಆ ಪಾಪ ದೊರೆಗೆ ತಟ್ಟುತ್ತದೆ. ತೆರಿಗೆ ತೆಗೆದುಕೊಳ್ಳುವವನು ಕಾಯಬೇಕು, ಕಾಯಲು ಸೋತರೆ ತುಂಬಿಕೊಡಬೇಕು ಎಂಬ ವಿಚಾರ ಅದು.

ಆದರೆ ಎಲ್ಲರಿಗೂ ಒಂದೇ ಅಳತೆ ಇರಲಿಲ್ಲ

ಇದನ್ನು ಮುಚ್ಚಿಟ್ಟರೆ ವಿಷಯ ಅರ್ಧವಾಗುತ್ತದೆ. ಇಂದು ನಾವು ಮಾನವ ಹಕ್ಕು ಅನ್ನುವುದು ಮನುಷ್ಯರಾಗಿ ಹುಟ್ಟಿದ ಎಲ್ಲರಿಗೂ ಸಮನಾಗಿ ಸೇರಿದ್ದು. 1948ರಲ್ಲಿ ವಿಶ್ವಸಂಸ್ಥೆ ಅದನ್ನು ಸಾರಿತು, 1950ರಲ್ಲಿ ನಮ್ಮ ಸಂವಿಧಾನ ಮೂಲಭೂತ ಹಕ್ಕುಗಳನ್ನು ಕೊಟ್ಟಿತು. ಸ್ಮೃತಿಗಳು ಈ ಅರ್ಥದಲ್ಲಿ ಸಮಾನತೆಯ ಗ್ರಂಥಗಳಲ್ಲ. ಬೈದವನ ವರ್ಣ ಯಾವುದು, ಬೈಸಿಕೊಂಡವನ ವರ್ಣ ಯಾವುದು ಎಂದು ನೋಡಿ ದಂಡ ಹೆಚ್ಚುಕಡಿಮೆ ಆಗುತ್ತಿತ್ತು. ಬ್ರಾಹ್ಮಣನಿಗೆ ನಾಲ್ಕು ವರ್ಣದ ಹೆಂಡತಿಯರಲ್ಲಿ ಮಕ್ಕಳಿದ್ದರೆ, ಅವರ ಪಾಲು 4, 3, 2, 1 ಎಂದು ಇಳಿಯುತ್ತಿತ್ತು.

ಅದೇ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ "ಎಲ್ಲರಿಗೂ" ಎಂದು ಹೇಳಿದ ಧರ್ಮವೂ ಇದೆ. ಹಿಂಸೆ ಮಾಡದಿರುವುದು, ಸತ್ಯ, ಕದಿಯದಿರುವುದು, ಶುಚಿ, ಇಂದ್ರಿಯಗಳ ಹಿಡಿತ, ದಾನ, ಸಂಯಮ, ದಯೆ, ತಾಳ್ಮೆ. ಈ 9ಕ್ಕೆ ವರ್ಣವಿಲ್ಲ. ಎರಡೂ ಒಂದೇ ಪುಸ್ತಕದಲ್ಲಿವೆ, ಎರಡನ್ನೂ ಓದಬೇಕು.

ಮಿತಾಕ್ಷರ ಬಂದು ಕೆಲವು ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಶರಣರು ಈ ಏಣಿಯನ್ನೇ ಅಲ್ಲಾಡಿಸಿದರು. ಬಿಜ್ಜಳನ ಕಾಲದಲ್ಲಿ ಬಸವಣ್ಣ ಮತ್ತು ಅವರ ಜೊತೆಗಾರರು ಹೊಣೆಯನ್ನು ಹುಟ್ಟಿನಿಂದ ಬಿಡಿಸಿ ದುಡಿಮೆಗೆ ಕಟ್ಟಿದರು. ಯಾವ ಕಾಯಕವೂ ಕೀಳಲ್ಲ, ದುಡಿದದ್ದನ್ನು ದಾಸೋಹದಲ್ಲಿ ಹಂಚಬೇಕು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಆದ ಮದುವೆಗೆ ಕೊಟ್ಟ ಬೆಲೆ ಎಂಥದ್ದು ಎಂದು ಈ ನೆಲದವರಿಗೆ ಬಿಡಿಸಿ ಹೇಳಬೇಕಿಲ್ಲ. ಯಾದಗಿರಿ ಜಿಲ್ಲೆಯ ಮುದನೂರಿನ ದಾಸಿಮಯ್ಯ ದೇಹದ ಗುರುತು ನೋಡಿ ಗಂಡು, ಹೆಣ್ಣು ಅನ್ನುತ್ತೇವೆ, ಒಳಗೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದರು.

ಹಾಗಾದರೆ ಈಗ ವಂಶವೃಕ್ಷದಲ್ಲಿ ಯಾರ ಹೆಸರು?

ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರ ಜೂನ್‌ನಲ್ಲಿ. ಆಗ ಕಲಬುರಗಿ, ಬೀದರ್ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದವು. ಮೈಸೂರು ಸಂಸ್ಥಾನ 1933ರಲ್ಲೇ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೆ ಕಾಯ್ದೆ ತಂದಿತ್ತು, ಆದರೆ ನಿಜಾಮರ ಆಳ್ವಿಕೆಯ ನಮ್ಮ ಭಾಗಕ್ಕೆ ಅದು ಬಂದಿರಲಿಲ್ಲ. 1956ರ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಅನ್ವಯಿಸುತ್ತದೆ. ವೀರಶೈವ, ಲಿಂಗಾಯತ ಎಂಬ ಹೆಸರುಗಳು ಅದರ ಎರಡನೇ ಕಲಮಿನಲ್ಲೇ ಇವೆ. ಪರಿಶಿಷ್ಟ ಪಂಗಡಗಳಿಗೆ ಮಾತ್ರ, ಕೇಂದ್ರ ಸರ್ಕಾರ ಬೇರೆ ಆದೇಶ ಮಾಡದ ಹೊರತು, ಅನ್ವಯಿಸುವುದಿಲ್ಲ.

ಆ ಕಾಯ್ದೆ ಹೆಣ್ಣಿನ ಕೈಲಿರುವ ಆಸ್ತಿಗೆ ಅವಳೇ ಪೂರ್ಣ ಒಡತಿ ಎಂದಿತು. ಹುಟ್ಟಿನಿಂದ ಬರುವ ಹಕ್ಕು ಮಾತ್ರ ಗಂಡುಮಕ್ಕಳಲ್ಲೇ ಉಳಿಯಿತು. 1994ರ ಜುಲೈ 30ರಿಂದ ಕರ್ನಾಟಕ ತನ್ನ ತಿದ್ದುಪಡಿಯ ಮೂಲಕ ಹೆಣ್ಣುಮಕ್ಕಳಿಗೂ ಅದನ್ನು ಕೊಟ್ಟಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದಾಗ ಆ ಗೋಡೆಯೂ ಬಿತ್ತು. ಮಗನ ಹಾಗೆಯೇ ಮಗಳಿಗೂ ಹುಟ್ಟಿನಿಂದ ಸಮಹಕ್ಕು. ಮದುವೆ ಆಗಿದೆಯೋ ಇಲ್ಲವೋ ಲೆಕ್ಕಕ್ಕಿಲ್ಲ.

"ಅಪ್ಪ 2005ಕ್ಕೆ ಮುಂಚೆಯೇ ತೀರಿಕೊಂಡಿದ್ದರೆ?" ಇದು ತುಂಬಾ ಜನ ಕೇಳುವ ಪ್ರಶ್ನೆ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. 2005ರ ಸೆಪ್ಟೆಂಬರ್ 9ರಂದು ಅಪ್ಪ ಬದುಕಿರಬೇಕೆಂದಿಲ್ಲ, ಹಕ್ಕು ಮಗಳ ಹುಟ್ಟಿನಿಂದ ಬಂದದ್ದು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ಅಥವಾ ಕೋರ್ಟ್ ಡಿಕ್ರಿಯ ವಾಟ್ನಿ ಆಗಿದ್ದರೆ ಅದನ್ನು ಮತ್ತೆ ಕೆದಕುವಂತಿಲ್ಲ. "ಬಾಯಿ ಮಾತಿನ ವಾಟ್ನಿ ಆಗಿತ್ತು" ಎಂಬುದನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ, ಗಟ್ಟಿ ಸರ್ಕಾರಿ ದಾಖಲೆ ಬೇಕು.

ಆದ್ದರಿಂದ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಇರಲೇಬೇಕು. ಬಿಟ್ಟು ಬರೆಸಿದರೆ ಹಕ್ಕು ಹೋಗುವುದಿಲ್ಲ, ಏಕೆಂದರೆ ಪಹಣಿಯ ಹೆಸರೇ ಒಡೆತನವನ್ನು ತೀರ್ಮಾನಿಸುವುದಿಲ್ಲ. ಕೇಸು ಮಾತ್ರ ಹುಟ್ಟುತ್ತದೆ. ಪಾಲು ಬೇಡ ಅನ್ನುವ ಮಗಳು ಹಕ್ಕು ಬಿಡುಗಡೆ ಪತ್ರ ಬರೆದುಕೊಡಬಹುದು, ಅದು ರಿಜಿಸ್ಟರ್ ಆಗಬೇಕು, ಅವಳು ತಿಳಿದು ಒಪ್ಪಿ ಮಾಡಬೇಕು. ಹಬ್ಬಕ್ಕೆ ಬಂದವಳ ಕೈಲಿ ಅರಿಶಿನ ಕುಂಕುಮದ ಜೊತೆ ಪೆನ್ನು ಕೊಟ್ಟು, ಓದಿ ಹೇಳದೆ ಸಹಿ ಹಾಕಿಸಿಕೊಂಡ ಪತ್ರ ಮುಂದೆ ಕೋರ್ಟಿನಲ್ಲಿ ಪ್ರಶ್ನೆಗೆ ಸಿಗುತ್ತದೆ.

ಹೊಣೆಗಳು ಏನಾದವು?

2005ರ ತಿದ್ದುಪಡಿ ಹಕ್ಕನ್ನು ಹಿಗ್ಗಿಸಿದ ಹಾಗೆಯೇ ಒಂದು ಹಳೆಯ ಹೊಣೆಯನ್ನು ತೆಗೆದುಹಾಕಿತು. ಅದರ ನಂತರ ಅಪ್ಪ ಮಾಡಿದ ಸಾಲವನ್ನು ಮಗನ ಧಾರ್ಮಿಕ ಋಣ ಎಂಬ ಕಾರಣಕ್ಕೆ ಅವನಿಂದ ವಸೂಲಿ ಮಾಡುವಂತಿಲ್ಲ. ಅಪ್ಪನ ಪಾಲಿನಿಂದ ಬಂದ ಆಸ್ತಿಯ ಮೇಲೆ ಸಾಲ ಕೊಟ್ಟವರು ಹೋಗುವುದು ಬೇರೆ ಮಾತು. ನಾಗರಿಕರ ಮೂಲಭೂತ ಕರ್ತವ್ಯಗಳನ್ನು 1976ರಲ್ಲಿ ಸಂವಿಧಾನಕ್ಕೆ ಸೇರಿಸಿದರು, ಈಗ ಅವು 11 ಇವೆ, ಆದರೆ ಅವುಗಳನ್ನು ಪಾಲಿಸದ ಮಾತ್ರಕ್ಕೆ ನೇರವಾಗಿ ಶಿಕ್ಷೆ ಇಲ್ಲ.

ಗಟ್ಟಿಯಾಗಿ ಉಳಿದ ಹೊಣೆ ಅಂದರೆ ತಂದೆತಾಯಿಯನ್ನು ಸಾಕುವುದು. ವಯಸ್ಸಾದ ತಂದೆತಾಯಿ, ಹೆಂಡತಿ, ಎಳೆಯ ಮಗು, ಇವರನ್ನು ನೂರು ಮಾಡಬಾರದ ಕೆಲಸ ಮಾಡಿಯಾದರೂ ಸಾಕಬೇಕು ಎಂದು ಮನುವಿನ ಹೆಸರಿನ ಮಾತೊಂದನ್ನು ಮಿತಾಕ್ಷರ ಎತ್ತಿ ಹೇಳುತ್ತದೆ. 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆ ಈ ಹೊಣೆಯನ್ನು ಮಗನ ಮೇಲೂ ಮಗಳ ಮೇಲೂ ಹೊರಿಸಿದೆ. ಅಣ್ಣತಮ್ಮಂದಿರು "ಪಾಲು ಬೇಕಾದರೆ ಅವ್ವನನ್ನೂ ನೋಡಿಕೋ" ಅಂದರೆ ಕಾನೂನಿನಲ್ಲಿ ಅದಕ್ಕೆ ಅರ್ಧ ಉತ್ತರವಿದೆ: ಅವ್ವನನ್ನು ನೋಡಿಕೊಳ್ಳುವುದು ಮಗಳ ಹೊಣೆಯೂ ಹೌದು, ಆದರೆ ಪಾಲು ಅದಕ್ಕೆ ಕೊಡುವ ಕೂಲಿ ಅಲ್ಲ, ಇಬ್ಬರಿಗೂ ಎರಡೂ ಇವೆ.

2007ರ ಹಿರಿಯ ನಾಗರಿಕರ ಕಾಯ್ದೆ ಎಲ್ಲ ಧರ್ಮದವರಿಗೂ ಇದೆ. ಮಕ್ಕಳು ನೋಡಿಕೊಳ್ಳದಿದ್ದರೆ ತಂದೆತಾಯಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಹೊಲವನ್ನೋ ಮನೆಯನ್ನೋ ಮಕ್ಕಳ ಹೆಸರಿಗೆ ದಾನಪತ್ರ ಮಾಡಿ, ಆಮೇಲೆ ಅವರು ಕೈಬಿಟ್ಟರೆ, ಆ ಪತ್ರವನ್ನೇ ರದ್ದು ಮಾಡಿಸಲೂ ಅವಕಾಶವಿದೆ. ಹಾಗಾಗಿ ದಾನಪತ್ರ ಬರೆಸುವಾಗ ಆ ಷರತ್ತನ್ನು ಬಾಯಿ ಮಾತಿಗೆ ಬಿಡದೆ ಪತ್ರದಲ್ಲೇ ಬರೆಸಿ.